ಹಾಲೆಂಡಿನ ಕೋಷ್ಟಕದಲ್ಲಿ ನಮ್ಮ ಸುರಂಗ

ಕುಂಬಳೆ

ಪರದೇಶಕ್ಕೆ ಹೋಗಿ ಬಂದವರು ವಿಮಾನದ ಕಿಟಕಿಯಲ್ಲಿ ಕಂಡ ಮೋಡಗಳಿಂದ ಕಥೆ ಶುರು ಮಾಡುತ್ತಾರೆ. ನನಗೆ ಮೋಡ ಕಾಣಲಿಲ್ಲ. ಮುಂಬಯಿಯಿಂದ ಹಾಲೆಂಡಿನವರೆಗೂ ತೊಡೆಯ ಮೇಲೆ ಒಂದು ವರದಿ ಇಟ್ಟುಕೊಂಡು, ಅದರ ಒಂದೇ ಪುಟವನ್ನು ಮತ್ತೆ ಮತ್ತೆ ಓದಿ ಹಲ್ಲು ಕಡಿಯುತ್ತಿದ್ದೆ. ಪಕ್ಕದ ಸೀಟಿನ ಗುಜರಾತಿ ಅಜ್ಜ ಹೊಟ್ಟೆನೋವೇ ಎಂದು ಕೇಳಿ ಓಮದ ಮಾತ್ರೆ ಒಂದನ್ನು ಕೊಟ್ಟರು. ನುಂಗಿದೆ. ಸಿಟ್ಟು ಇಳಿಯಲಿಲ್ಲ.

ಸಿಟ್ಟಿನ ಕಾರಣ ಮೊದಲೇ ಹೇಳಿಬಿಡುತ್ತೇನೆ. ನಾನು ದನದ ಡಾಕ್ಟರು. ಮನೆ ಕುಂಬಳೆಯಲ್ಲಿ. ಮನೆಯೊಳಗೆ ಕೊಂಕಣಿ, ದನಗಳ ಯಜಮಾನರ ಹತ್ತಿರ ತುಳು ಮತ್ತು ಕನ್ನಡ, ಇಲಾಖೆಯ ಹತ್ತಿರ ಮಲಯಾಳ. ಹತ್ತೊಂಬತ್ತು ವರ್ಷಗಳಿಂದ ಎಣ್ಮಕಜೆ ಕಡೆಯ ಗುಡ್ಡಗಳನ್ನು ಹತ್ತಿ ಇಳಿದು ದನ ಕರುಗಳಿಗೆ ಸೂಜಿ ಚುಚ್ಚುತ್ತಿದ್ದೇನೆ. ಆ ಗುಡ್ಡಗಳ ನೆತ್ತಿಯಲ್ಲಿ ಸರಕಾರದ ಗೇರು ತೋಟ. ಗೇರು ಹೂ ಬಿಡುವ ಕಾಲಕ್ಕೆ ಹೆಲಿಕಾಪ್ಟರ್ ಬಂದು ಹುಳ ಸಾಯಲೆಂದು ವಿಷ ಸುರಿದು ಹೋಗುತ್ತದೆ. ಕೆಳಗೆ ಮನೆಗಳು, ಹಟ್ಟಿಗಳು, ಶಾಲೆ. ಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು, ಜೇನುಪೆಟ್ಟಿಗೆಗಳು ಖಾಲಿಯಾದದ್ದನ್ನು, ಮಳೆಗಾಲದಲ್ಲಿ ಕಪ್ಪೆಗಳ ಗದ್ದಲ ಕಡಿಮೆಯಾದದ್ದನ್ನು ನಾನು ಪುಸ್ತಕದಲ್ಲಿ ಬರೆದಿಡುತ್ತಾ ಬಂದೆ. ಇದಕ್ಕೆಲ್ಲ ಆ ವಿಷವೇ ಕಾರಣ ಎಂದು ಎಲ್ಲಿಯೂ ಬರೆಯಲಿಲ್ಲ. ಪರೀಕ್ಷೆ ಮಾಡದೆ ಕಾಯಿಲೆಯ ಹೆಸರು ಹೇಳುವವಳು ನಾನಲ್ಲ. ಪರೀಕ್ಷೆ ಮಾಡಿ ಎಂದು ಕೇಳಿದೆ, ಅಷ್ಟೆ. ಕೇಳಿದಲ್ಲೆಲ್ಲ "ನೋಡುವ" ಎಂದರು. ಯಾರೂ ನೋಡಲಿಲ್ಲ.

ಹೀಗಿರುವಾಗ ಹಾಲೆಂಡಿನ ಒಬ್ಬ ಪ್ರೊಫೆಸರರ ಪತ್ರ ಬಂತು. ಹವಾಮಾನ, ಪ್ರಾಣಿ, ಮನುಷ್ಯರ ಆರೋಗ್ಯ, ಮೂರನ್ನೂ ಒಟ್ಟಿಗೆ ನೋಡುವ ಸಂಶೋಧನೆಯಂತೆ. ಬೇರೆ ಬೇರೆ ದೇಶಗಳಿಂದ ಮಾಹಿತಿ ಬೇಕಂತೆ. ನನಗೆ ಖುಷಿಯೋ ಖುಷಿ. ನನ್ನ ಮಳೆಯ ಲೆಕ್ಕ, ಕರುಗಳ ದಾಖಲೆ ಎಲ್ಲ ಕಳಿಸಿದೆ. ಗುಡ್ಡದ ಬುಡದ ಹನ್ನೆರಡು ಮನೆಗಳ ಕುಡಿಯುವ ನೀರು, ಹೋಲಿಕೆಗೆಂದು ಕುಂಬಳೆ ಪೇಟೆಯ ಕೆಲವು ಬಾವಿಗಳ ನೀರು, ಅದನ್ನೂ ಹಿಡಿದು ಕಳಿಸಿದೆ. ಅವರದೇ ಬಾಟಲಿ, ಅವರದೇ ಐಸಿನ ಪೆಟ್ಟಿಗೆ, ಅವರದೇ ಫಾರಂ. ನೀರು ಮಾತ್ರ ನಮ್ಮದು.

ವರ್ಷ ಕಳೆದು ವರದಿಯ ಕರಡು ಬಂತು, ಜೊತೆಗೆ ಸಮ್ಮೇಳನಕ್ಕೆ ಕರೆ. ಬಿಡಿಸಿ ನೋಡಿದರೆ ಕೋಷ್ಟಕದ ಕೆಳಗೆ ಹೀಗೊಂದು ವಾಕ್ಯ: ಈ ಪ್ರದೇಶದಲ್ಲಿ ಕೀಟನಾಶಕ ಕಂಡುಬಂದಿರುವುದು ತೆರೆದ ಹಳ್ಳ ತೋಡುಗಳ ನೀರಿನಲ್ಲಿ ಮಾತ್ರ, ಜನರು ಕುಡಿಯುವ ನೆಲದಡಿಯ ನೀರು ಶುದ್ಧವಾಗಿದೆ.

ನಾನು ತೋಡಿನ ನೀರು ಹಿಡಿದೇ ಇರಲಿಲ್ಲ! ಅವರು ತೋಡಿನದೆಂದು ಬರೆದದ್ದು ಆ ಹನ್ನೆರಡು ಮನೆಯವರು ಕುಡಿಯುವ ಸುರಂಗದ ನೀರನ್ನೇ. ನಮ್ಮ ಗುಡ್ಡಗಳಲ್ಲಿ ಬಾವಿಯನ್ನು ಕೆಳಕ್ಕೆ ತೋಡುವ ಬದಲು, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ದಾರಿ ಕೊರೆಯುತ್ತಾರೆ. ಕೆಂಪು ಮುರಕಲ್ಲಿನಿಂದ ಒಸರುವ ನೀರು ತಾನಾಗಿ ಹರಿದು ಹೊರಗೆ ಬಂದು ಮನೆಯ ಪಕ್ಕದ ಹೊಂಡಕ್ಕೆ ಬೀಳುತ್ತದೆ. ಹಗ್ಗ ಬೇಡ, ಪಂಪು ಬೇಡ. ಅಲ್ಲಿ ಬೇರೆ ನೀರೂ ಇಲ್ಲ.

ವರದಿ ಅಚ್ಚಾದ ಕೂಡಲೇ ಒಂದು ಪ್ರತಿ ನಮ್ಮ ಕಡೆಯ ಸಮಿತಿಯೊಂದಕ್ಕೆ ಹೋಗುವುದಿತ್ತು. ಹೆಲಿಕಾಪ್ಟರ್ ಬೇಕೋ ಬೇಡವೋ ಎಂದು ವಿಚಾರಿಸುವ ಸಮಿತಿ. ಈ ಒಂದು ವಾಕ್ಯ ಅವರ ಕೈಗೆ ಸಿಕ್ಕಿದರೆ ಮುಗಿಯಿತು.

ಹನ್ನೆರಡರಲ್ಲಿ ಒಂದು ಲೀಲಕ್ಕನ ಮನೆ. ಬೀಡಿ ಕಟ್ಟುತ್ತಾರೆ, ಒಂದು ಕಪ್ಪು ದನ ಸಾಕಿದ್ದಾರೆ. ಮಗಳು ವಿಮಲೆಗೆ ಒಂಬತ್ತು ವರ್ಷ, ಇನ್ನೂ ಗೋಡೆ ಹಿಡಿದು ನಿಲ್ಲುವವಳು. ಹೊರಡುವ ಹಿಂದಿನ ದಿನ ದನಕ್ಕೆ ಕೆಚ್ಚಲು ಬಾವು ಎಂದು ಕರೆಸಿದ್ದರು.

"ಡಾಕ್ಟ್ರಮ್ಮ, ನಮ್ಮ ನೀರು ಒಳ್ಳೆದುಂಟು ಅಂತ ಬರೆದಿದ್ದಾರಂತಲ್ಲ?" ಎಂದು ಕೇಳಿದರು.

"ಬರೆದಿದ್ದಾರೆ. ಅದು ಸರಿಯಲ್ಲ ಅಂತ ಹೇಳ್ಲಿಕ್ಕೇ ಹೋಗ್ತಾ ಇದ್ದೇನೆ."

"ನಿಮಗೆ ಗೊತ್ತಾದದ್ದನ್ನು ನನಗೆ ಹೇಳಿ. ಒಳ್ಳೆದಾದರೆ ಒಳ್ಳೆದು, ಹಾಳಾದರೆ ಹಾಳು. ಹೇಳದೆ ಮಾತ್ರ ಇರ್ಬೇಡಿ."

ಮೊದಲ ದಿನ

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ವಿಶ್ವವಿದ್ಯಾಲಯ ಯಾವುದೆಂದು ಗೊತ್ತಾಗುತ್ತದೆ, ಆಮೇಲೆ ಪ್ರೊಫೆಸರರೂ ಗೊತ್ತಾಗುತ್ತಾರೆ. ಅವರನ್ನು ಬೈಯುವುದಿದ್ದದ್ದನ್ನು ಮುಖಕ್ಕೇ ಬೈದಾಗಿದೆ.

ನಾನು ಬಂದೆ, ನನ್ನ ಪೆಟ್ಟಿಗೆ ಬರಲಿಲ್ಲ. ವಿಮಾನದವರು ಅದನ್ನು ಇನ್ಯಾವುದೋ ದೇಶಕ್ಕೆ ಕಳಿಸಿ, ನನಗೆ ಒಂದು ಹಲ್ಲುಜ್ಜುವ ಬ್ರಶ್ ಕೊಟ್ಟು ಕ್ಷಮೆ ಕೇಳಿದರು. ಉಟ್ಟ ಸೀರೆಯ ಮೇಲೆ ಅಣ್ಣ ಲಾರೆನ್ಸನ ಮದುವೆಯ ಕೋಟು ಹಾಕಿಕೊಂಡು ನಾಲ್ಕು ದಿನವೂ ಕಳೆದೆ. ಭುಜ ಎರಡೂ ಕಡೆ ಜೋಲುತ್ತಿತ್ತು. ಆ ದೇಶದಲ್ಲಿ ಯಾರೂ ಯಾರನ್ನೂ ದಿಟ್ಟಿಸಿ ನೋಡುವುದಿಲ್ಲ, ಅದೊಂದು ಉಪಕಾರ.

ಉಳಿದುಕೊಂಡದ್ದು ಆನೆಕೆ ಎಂಬ ವಿಧವೆಯೊಬ್ಬರ ಮನೆಯಲ್ಲಿ. ಏಣಿ ಇಲ್ಲದೆ ತೆಂಗಿನಕಾಯಿ ಕೀಳಬಲ್ಲಷ್ಟು ಎತ್ತರದ ಹೆಂಗಸು. ಹೋದ ಕೂಡಲೇ ಕಾಫಿ ಕೊಟ್ಟರು. ಚಂದದ ಡಬ್ಬಿ ತೆರೆದು ನನ್ನ ಕಡೆ ಹಿಡಿದರು. ನಾನು ಒಂದು ಬಿಸ್ಕತ್ತು ತೆಗೆದುಕೊಂಡೆ. ಟಪ್ಪೆಂದು ಡಬ್ಬಿ ಮುಚ್ಚಿ ಕಪಾಟಿಗೆ ಇಟ್ಟುಬಿಟ್ಟರು! ನಮ್ಮಲ್ಲಿ ಡಬ್ಬಿ ಮುಚ್ಚುವ ಶಬ್ದ ನೆಂಟರ ಕಿವಿಗೆ ಬಿದ್ದರೆ ಆ ಮನೆಯ ಮಾನ ಹೋದಂತೆ. ಇಲ್ಲಿ ಅದು ರಿವಾಜಂತೆ, ಒಂದು ಕಾಫಿಗೆ ಒಂದು ಬಿಸ್ಕತ್ತು. ಹಾಗೆಂದು ಜಿಪುಣರೂ ಅಲ್ಲ. ನನ್ನ ಒದ್ದೆ ಚಪ್ಪಲಿ ನೋಡಿ ತಮ್ಮ ಹೊಸ ಬೂಟನ್ನೇ ಕೊಟ್ಟರು. ಬೂಟಿನೊಳಗೆ ನನ್ನ ಎರಡು ಪಾದ ಹಿಡಿಯುತ್ತಿತ್ತು, ಅದು ಬೇರೆ ಮಾತು.

ಆ ಊರಿನಲ್ಲಿ ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ದಾರಿಯಲ್ಲಿ ಹೋಗುವವರಿಗೆಲ್ಲ ಇವರು ಊಟ ಮಾಡುವುದು, ಪೇಪರು ಓದುವುದು, ಜಗಳವಾಡುವುದು ಎಲ್ಲ ಕಾಣುತ್ತದೆ. ಇವರು ಮುಚ್ಚಿಡುವುದು ಬಿಸ್ಕತ್ತಿನ ಡಬ್ಬಿಯೊಂದನ್ನೇ ಎಂದು ಮನಸ್ಸಿನಲ್ಲೇ ನಕ್ಕೆ.

ನಗು ನಿಂತದ್ದು ಅಡುಗೆಮನೆಯಲ್ಲಿ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಏನೆಂದು ಕೇಳಿದೆ. ನಲ್ಲಿ ನೀರಿನಲ್ಲಿ ಏನೇನು ಎಷ್ಟೆಷ್ಟು ಇದೆ ಎಂದು ನೀರಿನವರು ಕಳಿಸುವ ಪಟ್ಟಿ ಎಂದರು. ಸುಣ್ಣದ ಅಂಶ, ಕಬ್ಬಿಣ, ಕೀಟನಾಶಕಗಳು, ಒಂದೊಂದರ ಎದುರಿಗೂ ಅಂಕಿ.

"ನೀವು ಕೇಳಿದ್ದಕ್ಕೆ ಕಳಿಸಿದರಾ?" ಎಂದೆ.

"ಕೇಳುವುದು ಯಾಕೆ? ನಾನು ಕುಡಿಯುವ ನೀರಲ್ಲವೇ!" ಎಂದು ಅವರಿಗೇ ಆಶ್ಚರ್ಯ.

ಅವರ ಮುದಿ ನಾಯಿ ಅದೇ ನೀರನ್ನು ಲೊಚಲೊಚ ಕುಡಿಯುತ್ತಿತ್ತು. ಅದರ ಕಿವಿಯಲ್ಲಿ ಕೀವಿತ್ತು, ತೊಳೆದು ಕೊಟ್ಟೆ. ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದರ ಬಟ್ಟಲಿನಲ್ಲಿ ಏನಿದೆಯೆಂದು ಪಟ್ಟಿ ಬರುತ್ತದೆ, ಲೀಲಕ್ಕನ ಕೊಡಪಾನದಲ್ಲಿ ಏನಿದೆಯೆಂದು ಕೇಳಲು ನಾನು ಕೋಟು ಹಾಕಿಕೊಂಡು ಸಮುದ್ರ ದಾಟಬೇಕು. ಮೈಯೆಲ್ಲ ಉರಿದುಹೋಯಿತು.

ಎರಡನೇ ದಿನ

ಸಮ್ಮೇಳನದಲ್ಲಿ ಆ ದಿನ ಗಾಳಿ ಮಳೆಯದೇ ಮಾತು. ಒಬ್ಬ ಯುವಕ ಕತ್ತಲ ಕೋಣೆಯಲ್ಲಿ ಪರದೆಯ ಮೇಲೆ ಬಾಣದ ಗುರುತುಗಳನ್ನು ಹಾರಿಸಿ, ಸಿಂಪಡಿಸಿದ ಹನಿ ಗಾಳಿಯಲ್ಲಿ ಎಷ್ಟು ದೂರ ಹೋಗುತ್ತದೆ ಎಂದು ತೋರಿಸಿದ. ಲೆಕ್ಕ ಬಹಳ ಚೆನ್ನಾಗಿತ್ತು. ನೆಲ ಮಾತ್ರ ಚಪ್ಪಟೆ. ಅವರ ದೇಶವೇ ಹಾಗೆ, ದೋಸೆಕಲ್ಲಿನಂತೆ ಸಮತಟ್ಟು, ಎಷ್ಟೋ ಕಡೆ ಸಮುದ್ರಕ್ಕಿಂತಲೂ ತಗ್ಗು. ಹಗಲಿರುಳು ಪಂಪು ಓಡಿಸಿ ನೀರನ್ನು ಹೊರಗೆ ಚೆಲ್ಲಿಕೊಂಡು ಬದುಕುವ ಜನ.

"ಗುಡ್ಡ ಇದ್ದರೆ?" ಎಂದು ಕೈಯೆತ್ತಿದೆ. "ಬೆಳಿಗ್ಗೆ ಗಾಳಿ ಗುಡ್ಡದಿಂದ ಕಣಿವೆಗೆ ಇಳಿಯುತ್ತದೆ. ಮೇಲೆ ಸುರಿದದ್ದು ಕೆಳಗಿನ ಮನೆಯ ಅಂಗಳಕ್ಕೇ ಬರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ, ಸೈಕಲ್ ಸೀಟಿನ ಮೇಲೆ ಎಣ್ಣೆಯಂಥ ಪಸೆ ನಿಲ್ಲುತ್ತದೆ."

ಆ ಹುಡುಗ ಪಾಪ, ಒಳ್ಳೆಯವನು. ಗುಡ್ಡವನ್ನು ಮುಂದಿನ ಹಂತದಲ್ಲಿ ಸೇರಿಸುತ್ತೇವೆ ಎಂದ. ಗುಡ್ಡ ಅಲ್ಲಿಯವರೆಗೆ ಕಾಯಲಿ ಎಂದು ಹೇಳುವ ಹಾಗಿತ್ತು ಮಾತು.

ಮಧ್ಯಾಹ್ನ ತಣ್ಣನೆಯ ಬ್ರೆಡ್ಡು, ಅದರ ಮೇಲೆ ಚೀಸಿನ ಹಾಳೆ, ಜೊತೆಗೆ ಒಂದು ಲೋಟ ತಣ್ಣನೆಯ ಹಾಲು. ದೊಡ್ಡ ದೊಡ್ಡ ವಿಜ್ಞಾನಿಗಳು ಮೀಸೆಗೆ ಹಾಲು ಮೆತ್ತಿಕೊಂಡು ಕುಡಿಯುವುದನ್ನು ನೋಡಿ ದನದ ಡಾಕ್ಟರಾಗಿ ನನಗೆ ಸಂತೋಷವೇ ಆಯಿತು. ಬಿಸಿ ಗಂಜಿಯ ನೆನಪೂ ಆಯಿತು. ಪ್ರೊಫೆಸರರು ಅಲ್ಲಿಯೇ ಕಂಡರು. ಬಿಳಿ ಕೂದಲು, ಮೆಲು ಮಾತು. ನಾನು ವರದಿ ಬಿಡಿಸಿ ಹಿಡಿದೆ.

"ನಾನು ಕಳಿಸಿದ್ದು ಕುಡಿಯುವ ನೀರು. ನೀವು ಅದನ್ನು ತೋಡಿನ ನೀರು ಅಂತ ಬರೆದದ್ದು ಹೇಗೆ? ಯಾರನ್ನು ಖುಷಿಪಡಿಸಲಿಕ್ಕೆ?"

ಸುತ್ತಲಿದ್ದವರ ಬ್ರೆಡ್ಡು ಅರ್ಧ ದಾರಿಯಲ್ಲಿ ನಿಂತಿತು. ಪ್ರೊಫೆಸರರ ಮುಖ ಕೆಂಪಗಾಯಿತು. ಆದರೆ ಸ್ವರ ಏರಲಿಲ್ಲ. "ನಾಳೆ ಬೆಳಿಗ್ಗೆ ಪ್ರಯೋಗಾಲಯಕ್ಕೆ ಬನ್ನಿ. ಫಾರಂಗಳನ್ನು ಒಟ್ಟಿಗೆ ನೋಡೋಣ," ಎಂದರು. ಸಿಕ್ಕಿಬಿದ್ದೆಯಲ್ಲ ಮಾರಾಯ ಎಂದುಕೊಂಡೆ.

ಮೂರನೇ ದಿನ

ಸಿಕ್ಕಿಬಿದ್ದದ್ದು ನಾನು.

ಪ್ರೊಫೆಸರರು ಫೈಲು ತೆರೆದು ಹನ್ನೆರಡು ಫಾರಂಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಎಲ್ಲ ನನ್ನದೇ ಅಕ್ಷರ. ನೀರಿನ ಮೂಲ ಎಂಬಲ್ಲಿ ಬಾವಿ, ಕೊಳವೆ ಬಾವಿ, ಇತರ ಎಂದು ಮೂರೇ ಚೌಕ. ನಾನು 'ಇತರ'ಕ್ಕೆ ಗುರುತು ಹಾಕಿದ್ದೆ. ಅದರ ಕೆಳಗೆ 'ಆಳ, ಮೀಟರುಗಳಲ್ಲಿ' ಎಂದಿತ್ತು. ಹನ್ನೆರಡರಲ್ಲೂ ದುಂಡಗೆ ಒಂದೊಂದು ಸೊನ್ನೆ.

"ಆಳ ಸೊನ್ನೆ ಎಂದರೆ ನೆಲದ ಮೇಲಿನ ನೀರು. ಅಂದರೆ ತೋಡು. ನೀವು ಬರೆದಂತೆಯೇ ನಾವು ಸೇರಿಸಿದ್ದೇವೆ, ಮೇಡಂ," ಎಂದರು.

ಆ ಸೊನ್ನೆ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ಸುರಂಗಕ್ಕೆ ಆಳ ಎಲ್ಲಿಯದು? ಅದಕ್ಕಿರುವುದು ಉದ್ದ. ಖಾಲಿ ಬಿಡಬೇಕಿತ್ತು, ಅಥವಾ ಅಂಚಿನಲ್ಲಿ ಎರಡು ಸಾಲು ಬರೆಯಬೇಕಿತ್ತು. ಆದರೆ ನಮ್ಮ ಕಚೇರಿಗಳಲ್ಲಿ ಖಾಲಿ ಬಿಟ್ಟ ಫಾರಂ ವಾಪಸು ಬರುತ್ತದೆ. ಏನೂ ಇಲ್ಲದಿದ್ದರೆ ಸೊನ್ನೆಯಾದರೂ ಹಾಕಿ ಎಂದು ಗುಮಾಸ್ತರು ಗದರುತ್ತಾರೆ. ಹತ್ತೊಂಬತ್ತು ವರ್ಷ ತಿಂಗಳು ತಿಂಗಳೂ ಹಾಕಿ ಹಾಕಿ ಕೈ ಅದಕ್ಕೇ ಪಳಗಿತ್ತು. ತಲೆ ಕೆಲಸ ಮಾಡಿರಲಿಲ್ಲ, ಕೈ ಮಾಡಿತ್ತು.

ಥೂ, ನನ್ನ ಜನ್ಮಕ್ಕಿಷ್ಟು! ಎರಡು ತಿಂಗಳು ಇನ್ನೊಬ್ಬರ ಮೇಲೆ ಕಾರಿದ ಬೆಂಕಿ ಎಲ್ಲ ನನ್ನ ಮೇಲೆಯೇ ತಿರುಗಿತು. ಲಾರೆನ್ಸನ ಕೋಟಿನೊಳಗೆ ಬೆವರು ಇಳಿಯಿತು. ಹಿಂದಿನ ದಿನ ಎಲ್ಲರ ಎದುರು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಆಮೇಲೆ ಗೋಡೆಯ ಬೋರ್ಡಿನಲ್ಲಿ ಗುಡ್ಡ ಬರೆದೆ, ಗುಡ್ಡದ ಹೊಟ್ಟೆಗೆ ಅಡ್ಡ ಗೆರೆ ಎಳೆದೆ, ನೆತ್ತಿಯಲ್ಲಿ ಗೇರು ಮರ, ಅದರ ಮೇಲೆ ಹೆಲಿಕಾಪ್ಟರ್, ಬುಡದಲ್ಲಿ ಮನೆ. ಇದು ಗುಡ್ಡದ ಒಳಗಿನ ನೀರು, ಇದನ್ನೇ ಕುಡಿಯುತ್ತಾರೆ, ಇದನ್ನೇ ಅನ್ನಕ್ಕೆ ಇಡುತ್ತಾರೆ ಎಂದು ವಿವರಿಸಿದೆ. ಅವರು ಬೋರ್ಡಿನ ಹತ್ತಿರ ಬಂದು ಆ ಅಡ್ಡ ಗೆರೆಯ ಮೇಲೆ ಬೆರಳಿಟ್ಟರು.

"ಇಂಥ ನೀರನ್ನು ನಾನು ನೋಡಿಲ್ಲ. ನೀವು ಹೇಳುವುದು ನಿಜವೇ ಇರಬಹುದು. ಆದರೆ ಸಂಶಯ ಬಂದ ಮಾದರಿಗಳನ್ನು ಕೈಬಿಡುವುದು ಕ್ರಮ. ಹನ್ನೆರಡನ್ನೂ ತೆಗೆದುಹಾಕುತ್ತೇನೆ," ಎಂದರು.

"ತೆಗೆದರೆ ಉಳಿಯುವುದೇನು? ಕುಂಬಳೆ ಪೇಟೆಯ ಬಾವಿಗಳು. ಆಗ ನಿಮ್ಮ ವರದಿಯಲ್ಲಿ ವಿಷವೇ ಇಲ್ಲ!"

"ಕರಡು ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ನಾನು ಏನು ಮಾಡಲಿ?"

ಪಿತ್ತ ನೆತ್ತಿಗೇರಿತು. ಮೇಜು ಕುಟ್ಟಿದೆ. "ತಪ್ಪು ನನ್ನದು, ಒಪ್ಪಿದೆ. ಆದರೆ ನಿಮ್ಮ ಫಾರಂ ಬರೆದವರು ಎಂದಾದರೂ ಒಂದು ಗುಡ್ಡ ಹತ್ತಿದ್ದಾರಾ? ಬಾವಿ ಅಂದರೆ ಕೆಳಗೇ ಹೋಗಬೇಕು ಅಂತ ನಿಮಗೆ ಹೇಳಿದ್ದು ಯಾರು? ನಿಮ್ಮ ಫಾರಂನಲ್ಲಿ ಚೌಕ ಇಲ್ಲದ್ದಕ್ಕೆ ನಮ್ಮವರ ನೀರೇ ಇಲ್ಲ ಅಂತ ಆಗುತ್ತದಾ?"

ಕೊನೆಗೆ ಅವರೊಂದು ಶರತ್ತು ಹಾಕಿದರು. ಹನ್ನೆರಡು ಮನೆಗಳ ಸುರಂಗದ ಉದ್ದ, ದಿಕ್ಕು, ಮೇಲೆ ಏನಿದೆ, ಯಾರು ಕುಡಿಯುತ್ತಾರೆ, ಎಲ್ಲವನ್ನೂ ಬರೆದು ನಾಳೆ ಮಧ್ಯಾಹ್ನದೊಳಗೆ ಕೊಟ್ಟರೆ ನೋಡುತ್ತೇನೆ ಎಂದರು.

ನಾಲ್ಕನೇ ದಿನ

ಆ ಬೆಳಿಗ್ಗೆ ಗ್ರಂಥಾಲಯದಲ್ಲಿ ಕುಳಿತುಕೊಂಡೆ. ಟಿಪ್ಪಣಿ ಪುಸ್ತಕಗಳಿದ್ದ ಪೆಟ್ಟಿಗೆ ಇನ್ನೂ ಯಾವ ದೇಶದಲ್ಲಿತ್ತೋ ಯೇಸುವೇ ಬಲ್ಲ. ಮನೆಗಳನ್ನು ನೆನಪು ಮಾಡಿಕೊಳ್ಳಹೋದರೆ ಒಂದರ ಮುಖ ಇನ್ನೊಂದಕ್ಕೆ ಸೇರಿಕೊಳ್ಳುತ್ತಿತ್ತು. ಆಮೇಲೆ ಹೊಳೆಯಿತು, ನನಗೆ ಮನೆಗಳು ನೆನಪಿರುವುದು ದನಗಳಿಂದ.

ದನಗಳನ್ನು ಸಾಲಾಗಿ ನಿಲ್ಲಿಸಿಕೊಂಡೆ. ಎಡಗೊಂಬು ಮುರಿದ ಕೆಂಪು ದನ, ಎರಡು ಸಲ ಗರ್ಭ ಇಳಿದದ್ದು. ಅದರ ಹಟ್ಟಿಯ ಹಿಂದೆಯೇ ಸುರಂಗದ ಬಾಯಿ, ಅರುವತ್ತು ಕೋಲು ಉದ್ದ, ನಡುವೆ ಎಡಕ್ಕೆ ಒಂದು ಕವಲು. ನಮ್ಮಲ್ಲಿ ಸುರಂಗ ಅಳೆಯುವುದು ಕೋಲಿನಲ್ಲಿ, ಎರಡೂವರೆ ಅಡಿಗೆ ಒಂದು ಕೋಲು. ಕೊರೆದವನಿಗೆ ಕೂಲಿ ಕೊಡುವುದೂ ಅದೇ ಲೆಕ್ಕದಲ್ಲಿ, ಹಾಗಾಗಿ ಯಾವ ಮನೆಯವರೂ ಆ ಉದ್ದ ಮರೆಯುವುದಿಲ್ಲ. ಕರು ಹಾಕಿಸುವಾಗ ಗಂಟೆಗಟ್ಟಲೆ ಕಾಯಬೇಕಾಗುತ್ತದೆ, ಆ ಹೊತ್ತಿನಲ್ಲಿ ಅವರು ಆಡುವುದು ಸುರಂಗದ ಮಾತೇ. ಹಾಲು ಕರೆಯಲು ಹೋದರೆ ಒದೆಯುವ ಬಿಳಿ ದನದ ಮನೆಯಲ್ಲಿ ಎಂಬತ್ತು ಕೋಲು. ಲೀಲಕ್ಕನ ಕಪ್ಪು ದನ, ನಲವತ್ತೆರಡು ಕೋಲು, ಮೂಡು ದಿಕ್ಕಿಗೆ, ನೆತ್ತಿಯ ಮೇಲೆ ನೇರವಾಗಿ ಗೇರು. ಬರೆಯುತ್ತಾ ಬರೆಯುತ್ತಾ ಹನ್ನೆರಡೂ ಆಯಿತು.

ಪ್ರೊಫೆಸರರು ಓದಿ ಕನ್ನಡಕ ತೆಗೆದರು. "ಇದೆಲ್ಲ ನೆನಪಿನಿಂದ ಬರೆದದ್ದು. ದಾಖಲೆ ಎಂದು ಹೇಗೆ ಒಪ್ಪಲಿ?"

"ನಿಮ್ಮ ಕೋಷ್ಟಕದಲ್ಲಿ ಕೂತಿರುವುದು ನನ್ನ ಸೊನ್ನೆ. ಅದನ್ನು ಕಣ್ಣು ಮುಚ್ಚಿ ನಂಬಿದಿರಲ್ಲ? ನನ್ನ ಸೊನ್ನೆ ನಂಬಿದವರು ನನ್ನ ಅಕ್ಷರವನ್ನೂ ನಂಬಬೇಕು."

ಅವರು ಎದ್ದು, ನಾನು ಮೊದಲು ಕಳಿಸಿದ್ದ ಕರುಗಳ ದಾಖಲೆಯ ಫೈಲು ತಂದರು. ಅದರಲ್ಲಿ ದನದ ಬಣ್ಣ, ಕೊಂಬು, ಮನೆ, ಕುಡಿಯುವ ನೀರು ಎಲ್ಲ ಇತ್ತು. ಒಂದೊಂದನ್ನೇ ಹೋಲಿಸಿದರು. ಮುರಿದ ಕೊಂಬು ಸರಿಹೋಯಿತು. ಒದೆಯುವ ಬಿಳಿಯದು ಸರಿಹೋಯಿತು. ಐದನೆಯದೂ ಸರಿಹೋದಾಗ ಇಷ್ಟು ಸಾಕು ಎಂದು ಫೈಲು ಮುಚ್ಚಿದರು. ಪೆನ್ನು ತೆಗೆದು ಆ ವಾಕ್ಯಕ್ಕೆ ಅಡ್ಡಗೆರೆ ಎಳೆದು, ಹೊಸದನ್ನು ನನ್ನ ಎದುರಿಗೇ ಬರೆದರು: ಹನ್ನೆರಡು ಮನೆಗಳ ಕುಡಿಯುವ ನೀರಿನಲ್ಲಿ ಕೀಟನಾಶಕ ಇದೆ, ಈ ನೀರು ಕುಡಿಯಲು ಯೋಗ್ಯವಲ್ಲ. ಕೆಳಗೆ ಸಹಿ ಹಾಕಿ ಒಂದು ಪ್ರತಿ ನನಗೆ ಕೊಟ್ಟರು.

ಗೆದ್ದೆ ಎಂದುಕೊಂಡೆ. ಅಂದು ಆನೆಕೆ ಬಿಸ್ಕತ್ತಿನ ಡಬ್ಬಿಯನ್ನು ಎರಡನೇ ಸಲ ತೆರೆದರು.

ಎಣ್ಮಕಜೆ

ಬಂದ ಮರುದಿನವೇ ಕುಂಬಳೆಯಿಂದ ಬಸ್ಸು ಹಿಡಿದೆ. ತೋಟದಲ್ಲಿ ಗೇರು ಹೂ ಬಿಡಲು ಶುರುವಾಗಿತ್ತು. ಹೆಲಿಕಾಪ್ಟರ್ ಬರಲು ಇನ್ನು ಕೆಲವೇ ವಾರ. ಸಮಿತಿಯವರು ತಿದ್ದಿದ ಪುಟ ಓದುತ್ತಾರೋ, ಓದಿದರೂ ತಲೆಗೆ ಹಾಕಿಕೊಳ್ಳುತ್ತಾರೋ, ಅದು ನನ್ನ ಕೈಯಲ್ಲಿಲ್ಲ. ಲೀಲಕ್ಕನಿಗೆ ಹೇಳುವುದು ನನ್ನ ಕೈಯಲ್ಲಿತ್ತು.

ಲೀಲಕ್ಕ ಬೀಡಿಯ ಮೊರ ಬದಿಗಿಟ್ಟು ಎದ್ದರು. ನಮ್ಮ ಕಡೆ ಮನೆಗೆ ಬಂದವರಿಗೆ ಮಾತಿಗಿಂತ ಮೊದಲು ಬೆಲ್ಲ ನೀರು. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಚೊಂಬಿನಲ್ಲಿ ನೀರು ತಂದರು.

"ಕುಡೀರಿ ಡಾಕ್ಟ್ರಮ್ಮ, ಬಿಸಿಲಲ್ಲಿ ಬಂದಿದ್ದೀರಿ. ಹೋದ ಕೆಲಸ ಆಯ್ತಾ?"

ನಾನು ಚೊಂಬು ಮುಟ್ಟಲಿಲ್ಲ. ಚೀಲದಿಂದ ಕಾಗದ ತೆಗೆದು, ಕನ್ನಡದಲ್ಲಿ ಓದಿ ಹೇಳಿದೆ. ಲೀಲಕ್ಕ ತಲೆಬಾಗಿಲಿಗೆ ಒರಗಿ ಕೇಳಿದರು.

"ಮತ್ತೆ?" ಎಂದರು.

"ಮತ್ತೆ ಎಂತ?"

"ಇದು ಕುಡೀಲಿಕ್ಕೆ ಆಗುದಿಲ್ಲ ಅಂತ ಬರೆದಿದ್ದಾರೆ, ಸರಿ. ಮತ್ತೆ ಯಾವ ನೀರು ಕುಡೀಬೇಕು ಅಂತ ಬರೆದಿದ್ದಾರೆ?"

ನಾನು ಕಾಗದ ತಿರುಗಿಸಿ ನೋಡಿದೆ. ನನಗೆ ಗೊತ್ತಿತ್ತು ಹಿಂದುಗಡೆ ಏನೂ ಇಲ್ಲ ಎಂದು. ಆದರೂ ನೋಡಿದೆ. ಅಷ್ಟು ದೂರ ಹೋಗಿ, ಮೇಜು ಕುಟ್ಟಿ, ಒಂದು ವಾಕ್ಯ ತಿದ್ದಿಸಿದವಳಿಗೆ ಈ ಪ್ರಶ್ನೆ ಒಂದು ಸಲವಾದರೂ ಹೊಳೆದಿರಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ?

"ಪಂಚಾಯತಿಗೆ ಹೋಗ್ತೇನೆ. ಟ್ಯಾಂಕರ್ ಕಳಿಸ್ಲಿಕ್ಕೆ ಹೇಳ್ತೇನೆ," ಎಂದೆ.

"ಹೇಳಿ. ಈ ದಾರಿಯಲ್ಲಿ ಆಟೋರಿಕ್ಷಾವೇ ಬರುದಿಲ್ಲ," ಎಂದರು ಲೀಲಕ್ಕ. ಸ್ವರದಲ್ಲಿ ಕೊಂಕಿರಲಿಲ್ಲ. ಚೊಂಬನ್ನು ನನ್ನ ಎದುರಿನಿಂದ ಮೆಲ್ಲ ತೆಗೆದುಕೊಂಡರು. "ನಿಮಗೆ ಎಂತ ಕೊಡುದು ಈಗ? ಚಾ ಮಾಡಿದ್ರೂ ಅದೇ ನೀರು. ಬೆಲ್ಲ ಮಾತ್ರ ತಿನ್ನಿ."

ಬೆಲ್ಲ ಬಾಯಿಗೆ ಹಾಕಿಕೊಂಡೆ.

ಒಳಗಿನಿಂದ ಗೋಡೆ ಹಿಡಿದುಕೊಂಡು ಬರುವ ಕಾಲಿನ ಸದ್ದಾಯಿತು. "ಅಮ್ಮಾ, ನೀರು," ಎಂದಳು ವಿಮಲೆ.

ಲೀಲಕ್ಕ ಚೊಂಬು ಹಿಡಿದು ನಿಂತು ನನ್ನ ಮುಖ ನೋಡಿದರು. ಡಾಕ್ಟರು ಏನಾದರೂ ಹೇಳುತ್ತಾರೋ ಎಂದು ಕಾದರು. ಮಗು ಇನ್ನೊಮ್ಮೆ ಕರೆಯಿತು. ಲೀಲಕ್ಕ ಒಳಗೆ ಹೋಗಿ ಅದನ್ನೇ ಕುಡಿಸಿದರು.